ಮೊದಲ ಹಳೆಯ ಜಪಾನಿ ಕತ್ತಿ ಕೊಳ್ಳುವಾಗ: ಅಲಗು ಮೊದಲು, ಹೆಸರು ಕೊನೆಗೆ

ಹಳೆಯ ಜಪಾನಿ ಕತ್ತಿ ಕೊಳ್ಳಲು ಹೊರಟವರು ಮೊದಲು ಕೇಳುವುದು "ಇದನ್ನು ಮಾಡಿದ್ದು ಯಾರು?" ಅಂತ. ಮಾರುವವರಿಗೂ ಈ ಪ್ರಶ್ನೆ ಬಹಳ ಅನುಕೂಲ. ಹಿಡಿ ಬಿಚ್ಚಿ ಒಳಗೆ ಕೊರೆದ ಹೆಸರು ತೋರಿಸುತ್ತಾರೆ, ಆ ಕಮ್ಮಾರನ ಕಥೆ ಹೇಳುತ್ತಾರೆ. ನಮ್ಮ ಗಮನವೆಲ್ಲ ಕಥೆಯ ಕಡೆ ಹೋಗುತ್ತದೆ. ಎದುರಿಗಿರುವ ಅಲಗನ್ನು ಸರಿಯಾಗಿ ನೋಡುವುದೇ ಬಿಟ್ಟುಹೋಗುತ್ತದೆ.

ಜಪಾನಿನಲ್ಲಿ ಕತ್ತಿ ನೋಡುವುದನ್ನು ಕಲಿಸುವ ರೀತಿ ಬೇರೆ. ಕಂತೇ ಎಂಬ ಕೂಟಗಳಲ್ಲಿ ಹೆಸರಿರುವ ಭಾಗವನ್ನು ಮುಚ್ಚಿ ಅಲಗನ್ನು ಮಾತ್ರ ಕೈಗೆ ಕೊಡುತ್ತಾರೆ. ನೋಡಿದವರು ಕಮ್ಮಾರ ಯಾರೆಂದು ಚೀಟಿಯಲ್ಲಿ ಬರೆದು ಕೊಡಬೇಕು. ಸರಿಯಾದರೆ 'ಅತಾರಿ', ಹತ್ತಿರ ಹತ್ತಿರ ಬಂದರೆ 'ದೋಜೆನ್' ಎಂಬ ಉತ್ತರ ಬರುತ್ತದೆ. ಆಕಾರ, ಉಕ್ಕು, ಹದದ ಗೆರೆ (ಉಕ್ಕಿಗೆ ಹದ ಕೊಟ್ಟಾಗ ಅಲಗಿನ ಮೇಲೆ ಮೂಡುವ ಗೆರೆ), ಈ ಮೂರನ್ನು ನೋಡಿಯೇ ಕಾಲ ಮತ್ತು ಊರು ಹೇಳುವ ಅಭ್ಯಾಸ ಅದು. ನಮಗೆ ಅಷ್ಟು ಪಳಗಿದ ಕಣ್ಣು ಬೇಕಿಲ್ಲ. ಆದರೆ ನೋಡುವ ಕ್ರಮ ಅದೇ ಇರಲಿ. ಮೊದಲ ಕತ್ತಿಗೆ ದೊಡ್ಡ ಹೆಸರು ಬೇಡವೇ ಬೇಡ. ಆರೋಗ್ಯವಾಗಿರುವ, ಕಾಗದ ಸರಿಯಿರುವ, ಸಾಣೆ ಚೆನ್ನಾಗಿರುವ ಒಂದು ಅಲಗು ಸಾಕು. ಕಣ್ಣು ಪಳಗುವುದು ಅಂಥದ್ದರಿಂದಲೇ.

ಮೊದಲು ಕಾನೂನು ವಿಚಾರಿಸಿ

ಇದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಹಣ ಕೊಟ್ಟ ಮೇಲೆ ಕಸ್ಟಮ್ಸಿನಲ್ಲಿ ಕತ್ತಿ ಸಿಕ್ಕಿಬಿದ್ದರೆ ಬಿಡಿಸಿಕೊಳ್ಳುವುದು ಬಹಳ ಕಷ್ಟ.

ಭಾರತದಲ್ಲಿ ಕತ್ತಿಯೂ ಆಯುಧವೇ. 2016ರ ಆಯುಧ ನಿಯಮಗಳಲ್ಲಿ ಅದು 5ನೇ ವರ್ಗಕ್ಕೆ ಸೇರುತ್ತದೆ. 1959ರ ಆಯುಧ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಆಯುಧವನ್ನು ಹೊರದೇಶದಿಂದ ತರಲು ಪರವಾನಗಿ ಬೇಕು. "ಇದು ಪುರಾತನ ವಸ್ತು, ಸುಮ್ನೆ ಗೋಡೆಗೆ ಹಾಕೋಕೆ" ಎಂದು ಹೇಳಿದರೆ ಆಗುವುದಿಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇದ್ದು ತರಿಸುವ ಯೋಚನೆ ಇದ್ದರೆ, ಪರವಾನಗಿ ಕೊಡುವ ಕಚೇರಿ ಮತ್ತು ಕಸ್ಟಮ್ಸ್ ಎರಡರಲ್ಲೂ ಮೊದಲೇ ಲಿಖಿತವಾಗಿ ಕೇಳಿ, ಉತ್ತರ ಕೈಗೆ ಬಂದ ಮೇಲೆಯೇ ಮುಂದಿನ ಹೆಜ್ಜೆ ಇಡಿ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಅಲ್ಲಲ್ಲಿಯ ಕಾನೂನು. ಬ್ರಿಟನ್ನಿನಲ್ಲಿ 50 ಸೆಂ.ಮೀ. ಅಥವಾ ಅದಕ್ಕಿಂತ ಉದ್ದದ ಬಾಗಿದ ಕತ್ತಿಯನ್ನು ಮಾರುವುದಕ್ಕೂ ಆಮದು ಮಾಡುವುದಕ್ಕೂ 2008ರಲ್ಲಿ ತಡೆ ಬಂತು. ನೂರು ವರ್ಷ ದಾಟಿದ ಕತ್ತಿಗೂ ಸಾಂಪ್ರದಾಯಿಕ ಕೈಕೆಲಸದ ಕತ್ತಿಗೂ ವಿನಾಯಿತಿ ಇದೆ. ಆದರೆ ಅದು ಅಂಥದ್ದೇ ಎಂದು ತೋರಿಸುವ ಹೊಣೆ ನಿಮ್ಮದು.

ಜಪಾನಿನಲ್ಲೇ ವಾಸವಿದ್ದರೆ ಕೆಲಸ ಸುಲಭ. ವಿದೇಶಿಯರೂ ಕತ್ತಿ ಇಟ್ಟುಕೊಳ್ಳಬಹುದು. ಪ್ರತಿ ಕತ್ತಿಯ ಜೊತೆ ತೋರೊಕುಶೋ ಎಂಬ ನೋಂದಣಿ ಚೀಟಿ ಇರಲೇಬೇಕು. ಕೊಂಡ 20 ದಿನದೊಳಗೆ, ಆ ಚೀಟಿ ಕೊಟ್ಟ ಪ್ರಾಂತ್ಯದ ಶಿಕ್ಷಣ ಮಂಡಳಿಗೆ ಮಾಲೀಕರು ಬದಲಾದ ವಿಷಯ ತಿಳಿಸಬೇಕು. ಶಿಕ್ಷಣ ಮಂಡಳಿಗೂ ಕತ್ತಿಗೂ ಏನು ಸಂಬಂಧ ಅನ್ನಿಸಬಹುದು. ಅಲ್ಲಿ ಕತ್ತಿ ಕಲಾವಸ್ತು, ಕಲಾವಸ್ತುಗಳನ್ನು ನೋಡಿಕೊಳ್ಳುವುದು ಆ ಮಂಡಳಿ. 1945ರಲ್ಲಿ ಸೋತ ಮೇಲೆ ಮಿತ್ರಪಡೆಗಳು ದೇಶದ ತುಂಬ ಕತ್ತಿ ವಶಪಡಿಸಿಕೊಂಡು ಲೆಕ್ಕವಿಲ್ಲದಷ್ಟನ್ನು ನಾಶ ಮಾಡಿದವು. ಹೊನ್ಮಾ ಜುಂಜಿ, ಸಾತೋ ಕಂಜಾನ್ ಅವರಂಥ ವಿದ್ವಾಂಸರು ಅಮೆರಿಕನ್ ಅಧಿಕಾರಿಗಳಿಗೆ ಒಳ್ಳೆಯ ಅಲಗುಗಳನ್ನು ತೋರಿಸಿ, ಇವು ಕಲೆ ಎಂದು ಮನವರಿಕೆ ಮಾಡಿಕೊಟ್ಟರು. ಅವರು ಹಾಗೆ ನಿಲ್ಲದೇ ಇದ್ದಿದ್ದರೆ ಇವತ್ತು ನಾವು ಕೊಳ್ಳುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

ಗೊತ್ತಿರಬೇಕಾದ ನಾಲ್ಕು ಮಾತು

ಉದ್ದದ ಲೆಕ್ಕ ಶಾಕುವಿನಲ್ಲಿ. ಒಂದು ಶಾಕು ಅಂದರೆ 30.3 ಸೆಂ.ಮೀ. ಅಲಗು ಎರಡು ಶಾಕು ದಾಟಿದರೆ ಕತಾನಾ ಅಥವಾ ತಾಚಿ, ಒಂದರಿಂದ ಎರಡರ ನಡುವೆ ಇದ್ದರೆ ವಾಕಿಜಾಶಿ, ಒಂದಕ್ಕಿಂತ ಕಡಿಮೆಯಿದ್ದರೆ ತಾಂತೋ. ತಾಚಿಯನ್ನು ಬಾಯಿ, ಅಂದರೆ ಹರಿತವಾದ ಅಂಚು, ಕೆಳಗೆ ಮಾಡಿ ಸೊಂಟದಿಂದ ತೂಗುಹಾಕುತ್ತಿದ್ದರು. ಕತಾನಾವನ್ನು ಬಾಯಿ ಮೇಲೆ ಮಾಡಿ ನಡುಪಟ್ಟಿಗೆ ಸಿಕ್ಕಿಸುತ್ತಿದ್ದರು. ಈ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ.

ಕಾಲದ ಲೆಕ್ಕವೂ ಸರಳ. 1596ಕ್ಕೆ ಮೊದಲಿನವು ಕೋತೋ. ಅಲ್ಲಿಂದ 1780ರ ಆಸುಪಾಸಿನವರೆಗೆ ಶಿಂತೋ. ಅದಾದ ಮೇಲೆ 1876ರವರೆಗೆ ಶಿನ್‌ಶಿಂತೋ. ಆ ವರ್ಷ ಸರ್ಕಾರ ಸಮುರಾಯ್‌ಗಳು ಕತ್ತಿ ಧರಿಸುವುದನ್ನು ನಿಷೇಧಿಸಿತು, ಕಮ್ಮಾರರ ಹೊಟ್ಟೆಪಾಡು ಹೋಯಿತು. ಆಮೇಲೆ ಬಂದವು ಗೆಂದಾಯ್‌ತೋ.

ಇನ್ನು ಒರೆ. ಬಣ್ಣವಿಲ್ಲದ ಬಿಳಿಮರದ ಒರೆ ಶಿರಾಸಾಯಾ, ಅದು ಅಲಗು ಕಾಪಾಡಲು. ಅರಗು ಹಚ್ಚಿ, ದಾರ ಸುತ್ತಿದ ಹಿಡಿ, ತ್ಸುಬಾ (ಕೈಗೆ ಅಡ್ಡವಾಗಿರುವ ಲೋಹದ ಬಿಲ್ಲೆ) ಎಲ್ಲ ಇರುವ ಪೂರ್ತಿ ಅಲಂಕಾರ ಕೋಶಿರಾಯೆ. ಕೋಶಿರಾಯೆ ಕಣ್ಣು ಸೆಳೆಯುತ್ತದೆ, ಬೆಲೆಯನ್ನೂ ಏರಿಸುತ್ತದೆ. ಮೊದಲ ಸಲ ಅದರ ಮೋಹ ಬೇಡ.

ಕೊಳ್ಳುವ ಮೊದಲು ನೋಡಿ

ಒಳ್ಳೆಯದನ್ನು ನೋಡಿರದ ಕಣ್ಣಿಗೆ ಕೆಟ್ಟದ್ದು ಕಾಣುವುದಿಲ್ಲ. ಟೋಕಿಯೊದ ರ‍್ಯೋಗೊಕುವಿನಲ್ಲಿ 2018ರಲ್ಲಿ ಹೊಸ ಕಟ್ಟಡಕ್ಕೆ ಬಂದ ಕತ್ತಿ ವಸ್ತುಸಂಗ್ರಹಾಲಯ ಇದಕ್ಕೆ ಸರಿಯಾದ ಜಾಗ. ಉಯೆನೊದ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನೂ ಬಿಡಬೇಡಿ. ಓಕಾಯಾಮಾ ಕಡೆ ಹೋದರೆ ಸೆತೊಉಚಿ ನಗರದ ಒಸಾಫುನೆಗೆ ಹೋಗಿ. ಬಿಜೆನ್ ಎಂಬ ಹಳೆಯ ಪ್ರಾಂತ್ಯದ ಕತ್ತಿಗಳ ಊರು ಅದು. ಯಾಮಾತೊರಿಗೆ ಎಂಬ ರಾಷ್ಟ್ರೀಯ ನಿಧಿಯ ಕತ್ತಿಯನ್ನು ತಮ್ಮ ಊರಿಗೆ ವಾಪಸ್ ತರಬೇಕೆಂದು ಆ ಸಣ್ಣ ನಗರ ಜನರಿಂದ ದೇಣಿಗೆ ಎತ್ತಿ, 2020ರಲ್ಲಿ ಸುಮಾರು 50 ಕೋಟಿ ಯೆನ್ ಕೊಟ್ಟು ಕೊಂಡುಕೊಂಡಿತು. ಅಮೆರಿಕದಲ್ಲಿದ್ದರೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್, ಬಾಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯ, ಲಂಡನ್ನಿನಲ್ಲಿದ್ದರೆ ಬ್ರಿಟಿಷ್ ಮ್ಯೂಸಿಯಂ.

ಗಾಜಿನ ಹಿಂದೆ ನೋಡುವಾಗ ನಿಂತ ಜಾಗದಲ್ಲೇ ನಿಲ್ಲಬೇಡಿ. ಮಂಡಿ ಬಗ್ಗಿಸಿ, ತಲೆ ಮೇಲೆ ಕೆಳಗೆ ಮಾಡಿ, ದೀಪದ ಬೆಳಕು ಅಲಗಿನ ಮೇಲೆ ಬಿದ್ದು ಕಣ್ಣಿಗೆ ಬರುವ ಕೋನ ಹುಡುಕಿ. ಆ ಕೋನ ಸಿಕ್ಕಾಗ ಹದದ ಗೆರೆ ಒಮ್ಮೆಲೇ ಬೆಳಗುತ್ತದೆ.

ಕೈಗೆ ಕತ್ತಿ ಸಿಕ್ಕಾಗ ಕೆಲವು ಮರ್ಯಾದೆಗಳಿವೆ. ಬಾಯಿ ಮೇಲಿರುವಂತೆ ಹಿಡಿದು, ಬೆನ್ನು ಒರೆಯ ಮೇಲೆ ಜಾರುವಂತೆ ನಿಧಾನವಾಗಿ ತೆಗೆಯಿರಿ. ಅಲಗಿಗೆ ಬೆರಳು ತಾಗಿಸಬೇಡಿ, ಬೆವರಿನ ಉಪ್ಪು ತುಕ್ಕು ಹಿಡಿಸುತ್ತದೆ. ಅಲಗಿನ ಮೇಲೆ ಬಗ್ಗಿ ಮಾತಾಡಬೇಡಿ, ಎಂಜಲು ಸಿಡಿಯುತ್ತದೆ. ಉಂಗುರ, ಗಡಿಯಾರ ತೆಗೆದಿಡಿ. ಹಿಡಿ ಬಿಚ್ಚಬಹುದೇ ಎಂದು ಕೇಳಿ, ಬಿಚ್ಚುವ ಕೆಲಸ ಅವರೇ ಮಾಡಲಿ. ಇಷ್ಟು ಗೊತ್ತಿದೆ ಎಂದು ಕಂಡರೆ ವ್ಯಾಪಾರಿ ಒಳಗಿಟ್ಟ ಒಳ್ಳೆಯ ಅಲಗನ್ನೂ ತೆಗೆದು ತೋರಿಸುತ್ತಾರೆ.

ಅಲಗು ಓದುವುದು

ಆಕಾರದಿಂದ ಶುರು ಮಾಡಿ. ಅಲಗನ್ನು ನೆಟ್ಟಗೆ ನಿಲ್ಲಿಸಿ ತೋಳಿನಷ್ಟು ದೂರದಿಂದ ನೋಡಿ. ಬಾಗು ಹಿಡಿಯ ಹತ್ತಿರ ಆಳವಾಗಿದ್ದು ಮೊನೆ ಚಿಕ್ಕದಾಗಿದ್ದರೆ ಕಾಮಾಕುರಾ ಕಾಲದ (1185–1333) ರೀತಿ. ಅಗಲವಾಗಿ, ಮೊನೆ ಉದ್ದವಾಗಿದ್ದರೆ 14ನೇ ಶತಮಾನದ ನಾನ್‌ಬೊಕುಚೋ ರೀತಿ. ಹೆಚ್ಚು ಕಡಿಮೆ ನೇರವಾಗಿದ್ದು ಮೊನೆಯ ಕಡೆ ಸಣ್ಣಗಾಗುತ್ತ ಹೋದರೆ 1660ರ ದಶಕದ ಕನ್‌ಬುನ್ ಆಕಾರ. ಶಿನ್‌ಶಿಂತೋ ಕಮ್ಮಾರರು ಹಳೆಯ ದೊಡ್ಡ ಕತ್ತಿಗಳ ಮಾದರಿಯಲ್ಲಿ ಮಾಡಿದರು. ಅವುಗಳಲ್ಲಿ ತೂಕ ಜಾಸ್ತಿ, ಉಕ್ಕು ಸವೆದಿರುವುದಿಲ್ಲ. ಹೇಳಿದ ಕಾಲಕ್ಕೂ ಕಾಣುವ ಆಕಾರಕ್ಕೂ ಹೊಂದದಿದ್ದರೆ ಕಾರಣ ಕೇಳಿ. ಕತ್ತರಿಸಿ ಗಿಡ್ಡ ಮಾಡಿದ್ದರೆ ಅದು ಒಪ್ಪುವ ಕಾರಣವೇ.

ಆಮೇಲೆ ಉಕ್ಕಿನ ಮೈ. ತತಾರಾ ಎಂಬ ಮಣ್ಣಿನ ಕುಲುಮೆಯಲ್ಲಿ ಕಬ್ಬಿಣದ ಮರಳು ಮತ್ತು ಇದ್ದಿಲಿನಿಂದ ತಾಮಾಹಾಗಾನೆ ಉಕ್ಕು ತೆಗೆಯುತ್ತಾರೆ. ಅದನ್ನು ಮತ್ತೆ ಮತ್ತೆ ಮಡಿಸಿ ಬಡಿದಾಗ ಮೈಮೇಲೆ ಮರದ ನಾರಿನಂಥ ನೇಯ್ಗೆ ಉಳಿಯುತ್ತದೆ. ಇದೇ ಹಾದಾ. ಹಲಗೆಯ ಅಲೆಯಂತಿದ್ದರೆ ಇತಾಮೆ, ಉಂಗುರ ಉಂಗುರವಾಗಿದ್ದರೆ ಮೊಕುಮೆ, ನೇರ ಗೆರೆಯಾಗಿದ್ದರೆ ಮಾಸಾಮೆ. ಒಳ್ಳೆಯ ಹಾದಾ ಸೂಕ್ಷ್ಮವಾಗಿರುತ್ತದೆ, ಹುಡುಕಿದರೆ ಕಾಣುತ್ತದೆ. ಮಾರುದೂರದಿಂದಲೇ ಢಾಳಾಗಿ ಕಾಣುವ ಕಪ್ಪು ಬಿಳಿ ಅಲೆ ಇದ್ದರೆ ಎಚ್ಚರ, ಅದು ಇತ್ತೀಚೆಗೆ ಬೇರೆಲ್ಲೋ ತಯಾರಾದ ಅಲಗು ಇರಬಹುದು. ಶಿನ್‌ಶಿಂತೋ ಅಲಗುಗಳಲ್ಲಿ ನೇಯ್ಗೆ ಎಷ್ಟು ಬಿಗಿ ಅಂದರೆ ಏನೂ ಇಲ್ಲವೇನೋ ಅನ್ನಿಸುತ್ತದೆ. ಹಾಗಾಗಿ ನೇಯ್ಗೆ ಕಾಣದ ತಕ್ಷಣ ನಕಲಿ ಎಂದು ತೀರ್ಮಾನಿಸಬೇಡಿ.

ಈಗ ಹಾಮೋನ್, ಅಂದರೆ ಹದದ ಗೆರೆ. ನನಗೆ ಜಪಾನಿ ಕತ್ತಿಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು, ಹೊಸಬರು ಎಷ್ಟು ಹೊತ್ತು ಕೊಟ್ಟರೂ ಸಾಲದ ಭಾಗವೂ ಇದೇ. ಹದ ಕೊಡುವ ಮುಂಚೆ ಕಮ್ಮಾರ ಅಲಗಿಗೆ ಮಣ್ಣು ಮೆತ್ತುತ್ತಾನೆ. ಬೆನ್ನಿನ ಕಡೆ ದಪ್ಪ, ಬಾಯಿಯ ಕಡೆ ತೆಳು. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಬಾಯಿ ಬೇಗ ತಣ್ಣಗಾಗಿ ಗಟ್ಟಿಯಾಗುತ್ತದೆ, ಬೆನ್ನು ನಿಧಾನವಾಗಿ ತಣಿದು ಮೆತ್ತಗೇ ಉಳಿಯುತ್ತದೆ. ಎರಡೂ ಕೂಡುವ ಜಾಗದಲ್ಲಿ ಉಕ್ಕಿನ ಸಣ್ಣ ಹರಳುಗಳು ಹುಟ್ಟುತ್ತವೆ. ಕಣ್ಣಿಗೆ ಒಂದೊಂದಾಗಿ ಮಿನುಗುವಷ್ಟು ದೊಡ್ಡವಿದ್ದರೆ ನಿಯೆ, ಮಂಜಿನ ಹಾಗೆ ಒಟ್ಟಾಗಿ ಕಂಡರೆ ನಿಯೋಯಿ. ನೇರ ಗೆರೆ ಸುಗುಹಾ, ಅಲೆ ನೋತಾರೆ, ಒಂದರ ಪಕ್ಕ ಒಂದು ಅರ್ಧಚಂದ್ರದಂತಿದ್ದರೆ ಗುನೊಮೆ, ಲವಂಗದ ಮೊಗ್ಗಿನಂತಿದ್ದರೆ ಚೋಜಿ.

ನಕಲಿ ಮಾಡುವವರು ಆ್ಯಸಿಡ್ ಹಚ್ಚಿಯೋ ತಂತಿ ಬ್ರಷ್ ಉಜ್ಜಿಯೋ ಬಿಳಿ ಗೆರೆ ಮಾತ್ರ ಬರಿಸುತ್ತಾರೆ. ಅದು ಚಪ್ಪಟೆ, ಅದಕ್ಕೆ ಆಳ ಇರುವುದಿಲ್ಲ. ಹೀಗೆ ಪರೀಕ್ಷಿಸಿ: ಕೋಣೆ ಸ್ವಲ್ಪ ಕತ್ತಲಾಗಿರಲಿ, ಒಂದೇ ಒಂದು ಬಲ್ಬು ಉರಿಯಲಿ. ಟ್ಯೂಬ್‌ಲೈಟ್ ಬೇಡ. ಮೊನೆಯನ್ನು ಬಲ್ಬಿನ ಕಡೆ ಮಾಡಿ, ಬಲ್ಬಿನ ಸ್ವಲ್ಪ ಕೆಳಗಿನ ಜಾಗಕ್ಕೆ ಗುರಿಯಿಟ್ಟಂತೆ ಹಿಡಿದು, ಅಲಗನ್ನು ನಿಧಾನವಾಗಿ ಓರೆ ಮಾಡಿ. ನಿಜವಾದ ಹಾಮೋನ್‌ನಲ್ಲಿ ಬೆಳಕು ಹರಿಯುವಾಗ ಹರಳು, ಎಳೆ, ಮಂಜು ಒಂದೊಂದೇ ಕಾಣಿಸಿಕೊಳ್ಳುತ್ತವೆ. ಇನ್ನೊಂದು ವಿಷಯ. ಸಾಣೆಗಾರರು ಹಾಮೋನ್ ಎದ್ದು ಕಾಣಲೆಂದು ಕಲ್ಲಿನಿಂದ ಅದರ ಸುತ್ತ ಬಿಳುಪು ಬರಿಸುತ್ತಾರೆ, ಇದು ಹಾದೊರಿ. ಫೋಟೋದಲ್ಲಿ ಕಾಣುವ ಬಿಳಿ ಪಟ್ಟಿ ಬಹುತೇಕ ಇದೇ. ನಿಜವಾದ ಗೆರೆ ಅದರೊಳಗೆ ಇರುತ್ತದೆ.

ಮೊನೆಯೊಳಗಿನ ಹದದ ಗೆರೆಗೆ ಬೋಶಿ ಎನ್ನುತ್ತಾರೆ. ಅದು ಮೊನೆಯವರೆಗೂ ಹೋಗಿ ಬೆನ್ನಿನ ಕಡೆ ತಿರುಗಬೇಕು. ಗೆರೆ ಮೊನೆಯಲ್ಲಿ ಅಂಚಿನಿಂದ ಹೊರಗೆ ಓಡಿಹೋಗಿದ್ದರೆ, ಎಂದೋ ಮೊನೆ ಮುರಿದು ಹೊಸದಾಗಿ ತಿದ್ದಿದ್ದಾರೆ ಎಂದು ತಿಳಿಯಿರಿ. ಬೆಲೆ ಅಲ್ಲಿಗೇ ಕುಸಿಯುತ್ತದೆ.

ಯಾವ ದೋಷ ಒಪ್ಪಬಹುದು, ಯಾವುದು ಬೇಡ

ಐನೂರು ವರ್ಷದ ಉಕ್ಕಿನಲ್ಲಿ ಏನೂ ಇರಬಾರದು ಎಂದರೆ ಸಿಗುವುದಿಲ್ಲ. ಮಡಿಸಿ ಬಡಿದ ಪದರ ಸ್ವಲ್ಪ ಬಿಟ್ಟುಕೊಂಡಿದ್ದರೆ, ಸಣ್ಣ ಗುಳ್ಳೆ ಇದ್ದರೆ, ಬೆಲೆ ಇಳಿಸಿ ಕೊಳ್ಳಬಹುದು. ಬಾಯಿಯ ಸಣ್ಣ ಮುಕ್ಕು ಸಾಣೆಯಲ್ಲಿ ಹೋಗುತ್ತದೆ.

ಹಗಿರೆ ಮಾತ್ರ ಬೇಡ. ಬಾಯಿಯಿಂದ ಮೇಲಕ್ಕೆ ಅಡ್ಡಲಾಗಿ, ಹಾಮೋನ್ ದಾಟಿ ಹೋಗುವ ಕೂದಲೆಳೆ ಬಿರುಕು ಅದು. ಗೀರಿನಂತೆ ಕಾಣುತ್ತದೆ, ಫೋಟೋದಲ್ಲಿ ಕಾಣುವುದೇ ಇಲ್ಲ. ಭೂತಗನ್ನಡಿ ಹಿಡಿದು ಬಾಯಿಯ ಉದ್ದಕ್ಕೂ ನೋಡಬೇಕು. ಅದಕ್ಕೆ ರಿಪೇರಿ ಇಲ್ಲ. ಹಾಮೋನ್ ಸವೆದು ಬಾಯಿಯಿಂದ ಕಾಣೆಯಾಗಿದ್ದರೂ ಬೇಡ. ಬೆಂಕಿಗೆ ಸಿಕ್ಕಿ ಹದ ಹೋದ ಕತ್ತಿಗೆ ಮತ್ತೆ ಹದ ಕೊಟ್ಟಿದ್ದರೆ ಅದು ಸಾಯ್‌ಹಾ. ದೊಡ್ಡ ಇತಿಹಾಸವಿರುವ ಕೆಲವು ಕತ್ತಿಗಳಲ್ಲಿ ಅದನ್ನು ಒಪ್ಪುತ್ತಾರೆ, ಮೊದಲ ಕತ್ತಿಗೆ ಬೇಡ.

ಸವೆತ ಅಳೆಯಲು ಒಂದು ಸುಲಭ ಜಾಗ ಇದೆ. ಅಲಗು ಮುಗಿದು ಹಿಡಿಯೊಳಗಿನ ಭಾಗ ಶುರುವಾಗುವಲ್ಲಿ ಬಾಯಿಯ ಕಡೆ ಒಂದು ಮೆಟ್ಟಿಲು ಇರುತ್ತದೆ, ಹಾಮಾಚಿ ಅಂತ. ಪ್ರತಿ ಸಾಣೆಗೂ ಬಾಯಿ ಸ್ವಲ್ಪ ಸವೆಯುತ್ತದೆ, ಮೆಟ್ಟಿಲು ಚಿಕ್ಕದಾಗುತ್ತದೆ. ಮೆಟ್ಟಿಲೇ ಇಲ್ಲವೆನ್ನುವಷ್ಟಾಗಿದ್ದರೆ ಆ ಕತ್ತಿ ದಣಿದಿದೆ. ಮೈಮೇಲೆ ಅಲ್ಲಲ್ಲಿ ನೇಯ್ಗೆಯಿಲ್ಲದ ಕಂದು ತೇಪೆ ಕಂಡರೆ ಒಳಗಿನ ಮೆತ್ತನೆಯ ಉಕ್ಕು ಹೊರಬಂದಿದೆ ಎಂದರ್ಥ.

"ಸಾಣೆ ಹಿಡಿಸಿದರೆ ಹೊಳೆಯುತ್ತೆ" ಎಂದು ತುಕ್ಕು ಹಿಡಿದ ಅಲಗು ಕೊಳ್ಳಬೇಡಿ. ಜಪಾನಿನ ತೋಗಿಶಿ, ಅಂದರೆ ಸಾಣೆಗಾರರ ಕೈಯಲ್ಲಿ ಒಂದು ಕತಾನಾಗೆ ಎರಡು ಮೂರು ಲಕ್ಷ ಯೆನ್ ಸುಲಭವಾಗಿ ಆಗುತ್ತದೆ, ಸರದಿಗೆ ತಿಂಗಳುಗಟ್ಟಲೆ ಕಾಯಬೇಕು. ತುಕ್ಕಿನಡಿಯಲ್ಲಿ ಹಗಿರೆ ಇದ್ದರೆ ಎಲ್ಲವೂ ದಂಡ. ಊರಿನ ಚಾಕು ಸಾಣೆಯವರಿಗೆ ಕೊಡುವ ಯೋಚನೆಯಂತೂ ಬೇಡವೇ ಬೇಡ.

ಹಿಡಿಯೊಳಗಿನ ಸಾಕ್ಷಿ: ನಕಾಗೋ

ಅಲಗು ಎಷ್ಟು ಸಲ ಸಾಣೆ ಕಂಡರೂ ಹಿಡಿಯೊಳಗೆ ಕೂರುವ ನಕಾಗೋಗೆ ಯಾರೂ ಸಾಣೆ ಹಿಡಿಯುವುದಿಲ್ಲ. ಕಮ್ಮಾರ ಬಿಟ್ಟ ಹಾಗೇ ಅದು ತುಕ್ಕು ಕಟ್ಟುತ್ತಾ ಬರುತ್ತದೆ. ಆ ತುಕ್ಕೇ ಕತ್ತಿಯ ವಯಸ್ಸಿನ ಸಾಕ್ಷಿ. ಅದನ್ನು ಉಜ್ಜಬೇಡಿ, ತೊಳೆಯಬೇಡಿ. ಉಜ್ಜಿ ಬೆಳ್ಳಗೆ ಮಾಡಿದ ನಕಾಗೋದಿಂದ ಕತ್ತಿಯ ಬೆಲೆಯೂ ಸಾಕ್ಷಿಯೂ ಒಟ್ಟಿಗೆ ಹೋಗುತ್ತವೆ.

ಹಳೆಯ ತುಕ್ಕು ಕಪ್ಪಾದ ಕಂದು, ನುಣುಪು, ಗಟ್ಟಿ. ಬೆರಳಿಗೆ ಹತ್ತುವುದಿಲ್ಲ. ಕೋತೋ ಕತ್ತಿಗಳಲ್ಲಿ ಬಹಳ ಗಾಢ. ಎಡೋ ಕಾಲದವುಗಳಲ್ಲಿ (1603–1868) ಸ್ವಲ್ಪ ತಿಳಿ, ಅರ ಉಜ್ಜಿದ ಗೀರುಗಳು ಚೆನ್ನಾಗಿ ಕಾಣುತ್ತವೆ. ಯುದ್ಧಕಾಲದವು ಬೂದು ಬಣ್ಣ. ಕಿತ್ತಳೆ ಕೆಂಪು, ಪುಡಿ ಉದುರುವ ತುಕ್ಕು ಹೊಸದು. ಅರದ ಗೀರು ಯಾಸುರಿಮೆ. ಅಡ್ಡ, ಓರೆ, ಗರಿಯ ಮಾದರಿ ಹೀಗೆ ಒಂದೊಂದು ಮನೆತನಕ್ಕೆ ಒಂದೊಂದು ರೀತಿ, ಎಲ್ಲವೂ ಅಚ್ಚುಕಟ್ಟು. ಜಪಾನಿ ಕಮ್ಮಾರ ಹಿಡಿಯೊಳಗೆ ಮುಚ್ಚಿಹೋಗುವ ಭಾಗವನ್ನೂ ಶ್ರದ್ಧೆಯಿಂದ ಮುಗಿಸುತ್ತಿದ್ದ. ಒರಟಾಗಿ ಗ್ರೈಂಡರ್ ಹೊಡೆದಂತಿದ್ದರೆ ವಾಪಸ್ ಕೊಟ್ಟುಬಿಡಿ.

ಮೆಕುಗಿ ಎಂಬ ಬಿದಿರಿನ ಗೂಟಕ್ಕಾಗಿ ಇರುವ ತೂತುಗಳನ್ನು ಎಣಿಸಿ. ಒಂದೇ ಇದ್ದರೆ ಕತ್ತಿ ಮೊದಲಿನ ಅಳತೆಯಲ್ಲೇ ಇರಬಹುದು. ಎರಡು ಮೂರು ಇದ್ದರೆ ಗಿಡ್ಡ ಮಾಡಿರಬಹುದು. ಕುದುರೆಯ ಮೇಲಿನ ಯುದ್ಧಕ್ಕೆ ಮಾಡಿದ ಉದ್ದನೆಯ ತಾಚಿಗಳನ್ನು ಆಮೇಲಿನವರು ಕೆಳಗಿನಿಂದ ಕತ್ತರಿಸಿ ಕತಾನಾ ಮಾಡಿಕೊಂಡರು. ಜಾಸ್ತಿ ಕತ್ತರಿಸಿದಾಗ ಹೆಸರೂ ಹೋಯಿತು. ಹಾಗೆ ಹೆಸರಿಲ್ಲದೆ ಉಳಿದ ಮುಮೇ ಕತ್ತಿಗಳಲ್ಲಿ ಬಹಳ ಒಳ್ಳೆಯ ಕೆಲಸ ಇದೆ. ಹೆಸರಿಲ್ಲ ಎಂದು ತಳ್ಳಿಹಾಕಬೇಡಿ.

ಹೆಸರಿಗೆ ಬಂದರೆ

ಸುಳ್ಳು ಹೆಸರಿಗೆ ಗಿಮೇ ಎನ್ನುತ್ತಾರೆ. ಇದು ಇವತ್ತಿನ ಮೋಸವಲ್ಲ, ನೂರಾರು ವರ್ಷದ್ದು. ಮಾಸಾಮುನೆ, ಕೊತೆತ್ಸು, ಸುಕೆಹಿರೊ, ಕಿಯೊಮಾರೊ, ಇಂಥ ಪ್ರಸಿದ್ಧ ಕಮ್ಮಾರರ ಹೆಸರು ಕಂಡರೆ ಸುಳ್ಳು ಎಂದುಕೊಂಡೇ ಶುರು ಮಾಡಿ. ಸುಳ್ಳು ಹೆಸರು ಕೊರೆದವರಲ್ಲಿ ಕೈ ಪಳಗಿದ ಕಮ್ಮಾರರೂ ಇದ್ದರು. 19ನೇ ಶತಮಾನದ ಕಾಜಿಹೇ ಅದಕ್ಕೇ ಹೆಸರಾದವನು. ಹಾಗಾಗಿ ಗಿಮೇ ಕತ್ತಿ ಅಂದರೆ ಅಲಗೂ ಸುಳ್ಳು ಎಂದರ್ಥವಲ್ಲ. ಅಲಗು ಹಳೆಯದೇ ಇರಬಹುದು, ಚೆನ್ನಾಗಿಯೂ ಇರಬಹುದು. ಹೆಸರಿಗೆ ಕೇಳಿದ ಹಣ ಮಾತ್ರ ಕೊಡಬಾರದು.

ಹೊಸಬರ ಕೈಲಾಗುವ ಪರೀಕ್ಷೆ ಮೂರು. ಅಕ್ಷರದ ಕುಳಿಯೊಳಗಿನ ತುಕ್ಕು ಸುತ್ತಲಿನ ತುಕ್ಕಿನ ಬಣ್ಣದಲ್ಲೇ ಇದೆಯೇ? ತುಕ್ಕು ಕಟ್ಟಿದ ಮೇಲೆ ಕೊರೆದಿದ್ದರೆ ಕುಳಿಯ ಅಂಚು ಬೇರೆಯಾಗಿ ಕಾಣುತ್ತದೆ. ಹೆಸರು ಯಾವ ಮಗ್ಗುಲಲ್ಲಿದೆ? ಧರಿಸಿದಾಗ ಹೊರಗೆ ಬರುವ ಮಗ್ಗುಲಲ್ಲಿ ಹೆಸರು ಕೊರೆಯುವುದು ರೂಢಿ. ಹಾಗಾಗಿ ತಾಚಿಯದು ಒಂದು ಕಡೆ, ಕತಾನಾದ್ದು ಇನ್ನೊಂದು ಕಡೆ. ಹಿಜೆನ್ ಪ್ರಾಂತ್ಯದ ತಾದಾಯೊಶಿ ಎಂಬ ಕಮ್ಮಾರ ಮನೆತನದವರು ಕತಾನಾಗೂ ತಾಚಿಯ ಕಡೆಯಲ್ಲೇ ಕೊರೆಯುತ್ತಿದ್ದರು, ಇಂಥ ಅಪವಾದಗಳಿವೆ. ಮೂರನೆಯದು, ಓಶಿಗಾತಾ. ನಕಾಗೋ ಮೇಲೆ ಕಾಗದ ಇಟ್ಟು ಮಸಿ ಉಜ್ಜಿ ತೆಗೆದ ಪ್ರತಿ ಅದು. ಸಾಚಾ ಎಂದು ಒಪ್ಪಿದ ಕತ್ತಿಗಳ ಓಶಿಗಾತಾ ಜೊತೆ ಉಳಿಯ ಒಂದೊಂದು ಗೀಟನ್ನೂ ಹೋಲಿಸಿ: ಗೀಟಿನ ಓರೆ, ಉದ್ದ, ತೂತಿನಿಂದ ಎಷ್ಟು ದೂರ.

ಸಾಚಾ ಹೆಸರಿನಲ್ಲೂ ತಾರತಮ್ಯ ಇದೆ. ಮುರೊಮಾಚಿ ಕಾಲದ ಕೊನೆಯಲ್ಲಿ, ಅಂದರೆ 16ನೇ ಶತಮಾನದಲ್ಲಿ, ಒಸಾಫುನೆಯಲ್ಲಿ ಸುಕೆಸಾದಾ ಎಂಬ ಹೆಸರಿನವರು ಎಷ್ಟೋ ಮಂದಿ. ಯುದ್ಧದ ಬೇಡಿಕೆಗೆ ರಾಶಿ ರಾಶಿ ಕತ್ತಿ ಮಾಡಿದರು. ಅಂಥದ್ದರ ಮೇಲೆ ಬರೀ ಊರು ಮತ್ತು 'ಸುಕೆಸಾದಾ' ಎಂದಷ್ಟೇ ಇರುತ್ತದೆ. ಯಾರೋ ಹೇಳಿ ಮಾಡಿಸಿದ ಕತ್ತಿಯಲ್ಲಿ 'ಯೊಸೊಜಾಯೆಮೊನ್‌ನೊಜೋ ಸುಕೆಸಾದಾ' ಎಂದು ಕಮ್ಮಾರನ ಸ್ವಂತ ಹೆಸರೂ ಬರುತ್ತದೆ. ಎರಡರ ಬೆಲೆಯಲ್ಲಿ ಬಹಳ ಅಂತರ. ಮೊದಲನೆಯ ಬಗೆಯದು, ಆರೋಗ್ಯವಾಗಿದ್ದರೆ, ಹೊಸಬರಿಗೆ ಒಳ್ಳೆಯ ಆಯ್ಕೆ.

ಕಾಗದಗಳು

ಇಲ್ಲಿ ಎರಡು ಬೇರೆ ಬೇರೆ ಕಾಗದಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ.

ತೋರೊಕುಶೋ ನಮ್ಮ ಬೈಕಿನ ಆರ್‌ಸಿ ಇದ್ದಂತೆ. ಉದ್ದ ಎಷ್ಟು, ಬಾಗು ಎಷ್ಟು, ತೂತು ಎಷ್ಟು, ಏನು ಕೊರೆದಿದೆ ಎಂದು ದಾಖಲು ಮಾಡುತ್ತದೆ. ಕೊರೆದ ಹೆಸರು ನಿಜವೋ ಸುಳ್ಳೋ ಹೇಳುವುದಿಲ್ಲ. "ಸರ್ಕಾರದ ಸರ್ಟಿಫಿಕೇಟ್ ಇದೆ, ಮಾಸಾಮುನೆ ಅಂತ ಬರೆದಿದೆ" ಎಂದರೆ ಅದಕ್ಕೆ ಅಷ್ಟೇ ಬೆಲೆ. ಆದರೂ ಒಂದು ಉಪಕಾರ ಇದೆ. ಸಾಂಪ್ರದಾಯಿಕವಾಗಿ ಮಾಡಿದ ಕತ್ತಿಗೆ ಮಾತ್ರ ಜಪಾನಿನಲ್ಲಿ ನೋಂದಣಿ ಸಿಗುತ್ತದೆ. ಕಾರ್ಖಾನೆ ಕತ್ತಿಗೆ ಸಿಗುವುದಿಲ್ಲ.

ಇನ್ನೊಂದು ಪರಿಣತರ ಕಾಗದ. 1948ರಲ್ಲಿ ಹುಟ್ಟಿದ ಎನ್‌ಬಿಟಿಎಚ್‌ಕೆ, ಅಂದರೆ ಜಪಾನಿ ಕಲಾಕತ್ತಿಗಳ ಸಂರಕ್ಷಣಾ ಸಂಸ್ಥೆ, ಕೊಡುವುದು ಎಲ್ಲೆಡೆ ನಡೆಯುತ್ತದೆ. 1982ರಿಂದ ನಾಲ್ಕು ಮೆಟ್ಟಿಲು: ಹೊಜೋನ್, ತೊಕುಬೆತ್ಸು ಹೊಜೋನ್, ಜುಯೋ, ತೊಕುಬೆತ್ಸು ಜುಯೋ. ಮೊದಲ ಕತ್ತಿಗೆ ಹೊಜೋನ್ ಸಾಕು. ಹೆಸರು ಸುಳ್ಳಾಗಿದ್ದರೆ ಆ ಕತ್ತಿ ಇಲ್ಲಿ ಪಾಸಾಗುವುದಿಲ್ಲ. ಹೆಸರಿಲ್ಲದ ಅಲಗಾದರೆ ಯಾವ ಮನೆತನದ್ದು, ಯಾರ ಕೆಲಸ ಎಂದು ಅಭಿಪ್ರಾಯ ಬರೆಯುತ್ತಾರೆ. 'ದೆನ್' ಎಂದು ಸೇರಿಸಿದ್ದರೆ ಆ ಅಭಿಪ್ರಾಯ ಸ್ವಲ್ಪ ಹಿಡಿದು ಹೇಳಿದ್ದು ಎಂದು ತಿಳಿಯಿರಿ. 1982ಕ್ಕೆ ಮೊದಲಿನ ಹಳೆಯ ಕಾಗದಗಳಲ್ಲಿ ಹಸಿರು ಬಣ್ಣದ ತೊಕುಬೆತ್ಸು ಕಿಚೋ ಇದೆ. ಅದರಲ್ಲಿ ನಂಬಲಾಗದವು ಸೇರಿಕೊಂಡಿವೆ, ದೊಡ್ಡ ಹೆಸರಿನ ಕತ್ತಿಗಂತೂ ಅದನ್ನು ನೆಚ್ಚಬೇಡಿ. ಹಸಿರು ಕಾಗದ ಇಟ್ಟುಕೊಂಡ ವ್ಯಾಪಾರಿಗೆ ಒಂದೇ ಪ್ರಶ್ನೆ ಕೇಳಿ: ಹೊಸ ಕಾಗದಕ್ಕೆ ಯಾಕೆ ಕಳಿಸಿಲ್ಲ?

ಕಾಗದದಲ್ಲಿ ನಕಾಗೋದ ಚಿತ್ರ ಇರುತ್ತದೆ. ತೂತಿನ ಜಾಗ, ಅಕ್ಷರ, ಅಂಚಿನ ಆಕಾರ, ಉದ್ದ ಎಲ್ಲವನ್ನೂ ಕೈಯಲ್ಲಿರುವ ಕತ್ತಿಗೆ ಹೋಲಿಸಿ. ಒಂದು ಕತ್ತಿಯ ಕಾಗದ ಇನ್ನೊಂದರ ಜೊತೆ ಮಾರಾಟವಾಗಬಹುದು.

ಯುದ್ಧಕಾಲದ ಕತ್ತಿಗಳು

ನಮ್ಮ ದೇಶದಲ್ಲಿ ಜಪಾನಿ ಕತ್ತಿ ಕಂಡುಬಂದರೆ ಬಹುಶಃ ಇದೇ ಬಗೆಯದು. ಬರ್ಮಾದಲ್ಲಿ ಜಪಾನಿನ ವಿರುದ್ಧ ಹೋರಾಡಿದ 14ನೇ ಸೇನೆಯಲ್ಲಿ ಭಾರತೀಯ ಸೈನಿಕರೇ ಹೆಚ್ಚು. 1945ರ ಶರಣಾಗತಿಯಲ್ಲಿ ಜಪಾನಿ ಅಧಿಕಾರಿಗಳು ಒಪ್ಪಿಸಿದ ಕತ್ತಿಗಳು ಹಲವು ಕೈಗಳಿಗೆ ಹೋದವು.

ಇವುಗಳಲ್ಲಿ ಮೂರು ಬಗೆ. ಲೋಹದ ಎರಕದ ಹಿಡಿ, ಅಲಗಿನ ಮೇಲೆ ಸರಣಿ ಸಂಖ್ಯೆ ಇದ್ದರೆ ಕೆಳದರ್ಜೆಯ ಅಧಿಕಾರಿಗಳಿಗೆ ಯಂತ್ರದಲ್ಲಿ ಮಾಡಿದ್ದು. ನಕಾಗೋ ಮೇಲೆ ಸೆಕಿ (ಕತ್ತಿ ಮಾಡುವ ಊರು) ಅಥವಾ ಶೋವಾ (ಆಗಿನ ಚಕ್ರವರ್ತಿಯ ಕಾಲದ ಹೆಸರು) ಮುದ್ರೆ ಇದ್ದರೆ, ಸಾಮಾನ್ಯ ಉಕ್ಕಿಗೆ ಎಣ್ಣೆಯಲ್ಲಿ ಹದ ಕೊಟ್ಟ ಶೋವಾತೋ. ನಕ್ಷತ್ರ ಮುದ್ರೆ ಇದ್ದರೆ ಸೇನೆ ತಾಮಾಹಾಗಾನೆ ಕೊಟ್ಟು ಕೈಯಿಂದ ಮಾಡಿಸಿದ್ದು, ಇದಕ್ಕೆ ಬೆಲೆ ಇದೆ. ಇನ್ನು ಕೆಲವರು ಅಜ್ಜ ಮುತ್ತಜ್ಜರ ಅಲಗನ್ನೇ ಸೇನೆಯ ಹಿಡಿಗೆ ಸೇರಿಸಿಕೊಂಡು ಯುದ್ಧಕ್ಕೆ ಹೋಗಿದ್ದರು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಗೂಟ ತೆಗೆದು ನಕಾಗೋ ನೋಡಲೇಬೇಕು. ನಿಮ್ಮ ಮನೆಯಲ್ಲೇ ಇಂಥದ್ದೊಂದು ಇದ್ದರೆ ಏನನ್ನೂ ಉಜ್ಜಬೇಡಿ. ನಕಾಗೋದ ಎರಡೂ ಕಡೆಯ ಫೋಟೋ ತೆಗೆದು, ಓದಬಲ್ಲವರಿಗೆ ತೋರಿಸಿ. ಇಟ್ಟುಕೊಳ್ಳುವ ನಿಯಮವನ್ನೂ ವಿಚಾರಿಸಿ.

ಬೆಲೆ ಮತ್ತು ಕೊಳ್ಳುವ ಜಾಗ

ಹೊಜೋನ್ ಕಾಗದವಿರುವ ಸಾಧಾರಣ ವಾಕಿಜಾಶಿ ಸುಮಾರು 2ರಿಂದ 4 ಲಕ್ಷ ಯೆನ್‌ಗೆ ಸಿಗುತ್ತದೆ. ಕತಾನಾ 5 ಲಕ್ಷ ಯೆನ್ ಆಸುಪಾಸಿನಿಂದ ಶುರು. ಒಬ್ಬನೇ ಕಮ್ಮಾರನ ವಾಕಿಜಾಶಿ ಅವನ ಕತಾನಾಗಿಂತ ಬಹಳ ಅಗ್ಗ. ಕೆಲಸ ಮಾತ್ರ ಅದೇ ಕೈಯದು. ಅದಕ್ಕೇ ನನ್ನ ಸಲಹೆ ಎಡೋ ಕಾಲದ, ಸಾಣೆ ಚೆನ್ನಾಗಿರುವ, ಶಿರಾಸಾಯಾದಲ್ಲಿರುವ ಹೊಜೋನ್ ವಾಕಿಜಾಶಿ.

ಕೊಳ್ಳುವುದು ಅಂಗಡಿ ಇಟ್ಟುಕೊಂಡ, ವಾಪಸ್ ತೆಗೆದುಕೊಳ್ಳುವ ಷರತ್ತನ್ನು ಬರೆದು ಕೊಡುವ ವ್ಯಾಪಾರಿಯಿಂದಲೇ ಆಗಲಿ. ಟೋಕಿಯೊದಲ್ಲಿ ಪ್ರತಿ ಶರತ್ಕಾಲದಲ್ಲಿ ನಡೆಯುವ ದಾಯ್ ತೋಕೆನ್ ಇಚಿ ಸಂತೆಗೆ ಹೋದರೆ ಹತ್ತಾರು ವ್ಯಾಪಾರಿಗಳ ಕತ್ತಿಗಳನ್ನು ಒಂದೇ ಕಡೆ ಕೈಯಲ್ಲಿ ಹಿಡಿದು ನೋಡಬಹುದು. ಸ್ಯಾನ್ ಫ್ರಾನ್ಸಿಸ್ಕೊ, ಶಿಕಾಗೊಗಳಲ್ಲೂ ಇಂಥ ಮೇಳಗಳಿವೆ. ಆನ್‌ಲೈನ್ ಹರಾಜಿನಲ್ಲಿ, ಕಾಗದವಿಲ್ಲದೆ, ಮಸುಕು ಫೋಟೋ ನೋಡಿ ಕೊಳ್ಳುವುದು ಈಗಲೇ ಬೇಡ. ಕಾಗದಕ್ಕೆ ಕಳಿಸುವ ಖರ್ಚು ಕತ್ತಿಯ ಬೆಲೆಗೆ ಹೋಲಿಸಿದರೆ ಕಡಿಮೆ. ಒಳ್ಳೆಯ ಹೆಸರಿದ್ದೂ ಕಾಗದವಿಲ್ಲದ ಕತ್ತಿ ಜಪಾನಿನಿಂದ ಅಗ್ಗಕ್ಕೆ ಬರುತ್ತಿದೆ ಅಂದರೆ, ಅಲ್ಲಿಯವರು ಆಗಲೇ ನೋಡಿ ಬೇಡವೆಂದು ಕೈಬಿಟ್ಟಿದ್ದಾರೆ ಎಂದೇ ಲೆಕ್ಕ, ಅಲ್ವಾ?

ಹಣ ಕಟ್ಟುವ ಮುಂಚೆ ಈ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ. ಹಗಿರೆ ಇದೆಯೇ? ಬೋಶಿ ಪೂರ್ತಿ ಇದೆಯೇ? ಮತ್ತೆ ಹದ ಕೊಟ್ಟಿದ್ದಾರೆಯೇ? ಕಾಗದ ಯಾವ ವರ್ಷದ್ದು? ಪರಿಣತರು ಒಪ್ಪದಿದ್ದರೆ ಹಣ ವಾಪಸ್ ಕೊಡುತ್ತೀರಾ?

ಜಪಾನಿನಿಂದ ಹೊರಗೆ ಕಳಿಸಲು ಅಲ್ಲಿಯ ಸಂಸ್ಕೃತಿ ಇಲಾಖೆಯ ರಫ್ತು ಪತ್ರ ಬೇಕು. ವ್ಯಾಪಾರಿಯೇ ಮಾಡಿಸಿಕೊಡುತ್ತಾರೆ, ಕೆಲವು ವಾರ ಹಿಡಿಯುತ್ತದೆ. ಆಗ ತೋರೊಕುಶೋ ಅಲ್ಲೇ ಒಪ್ಪಿಸಬೇಕು. ಅದರ ಎರಡೂ ಕಡೆಯ ಪ್ರತಿ ಮೊದಲೇ ಕೇಳಿ ಇಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ

ಬಂದ ದಿನವೇ ಅಳತೆ, ತೂತು, ಹೆಸರು ಎಲ್ಲವನ್ನೂ ಕಾಗದದ ಜೊತೆ ತಾಳೆ ನೋಡಿ. ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ, ಬಲ್ಬಿನ ಕೆಳಗೆ ಹಗಿರೆ ಹುಡುಕುವ ಕೆಲಸ ಮುಗಿಸಿ.

ಅಲಗಿಗೆ ಕತ್ತಿಗಾಗಿಯೇ ಮಾರುವ ಚೋಜಿ ಎಣ್ಣೆ ಹಚ್ಚಿ, ಬಹಳ ತೆಳುವಾಗಿ. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಬೇಡ, ಜಿಡ್ಡುಗಟ್ಟುತ್ತದೆ. ಕೆಲವು ತಿಂಗಳಿಗೊಮ್ಮೆ ಹಳೆಯ ಎಣ್ಣೆಯನ್ನು ಮೆತ್ತನೆಯ ಶುಭ್ರ ಬಟ್ಟೆಯಿಂದ ಬೆನ್ನಿನ ಕಡೆಯಿಂದ ಹಿಡಿದು ಒರೆಸಿ ಹೊಸದು ಹಚ್ಚಿ. ಕರಾವಳಿಯ ಮನೆಯಾದರೆ ಮಳೆಗಾಲದಲ್ಲಿ ಇನ್ನೂ ಬೇಗ ಬೇಗ ನೋಡಿ. ಸಿನಿಮಾದಲ್ಲಿ ಕಾಣುವ, ಬಿಳಿ ಉಂಡೆಯಿಂದ ಪುಡಿ ತಟ್ಟುವ ಉಚಿಕೊ ಹೊಸಬರಿಗೆ ಬೇಡ. ಅದರಿಂದ ಸಾಣೆಯ ಮೇಲೆ ಸಣ್ಣ ಗೀರು ಬೀಳುತ್ತದೆ. ಶಿರಾಸಾಯಾವನ್ನು ಅಡ್ಡಲಾಗಿ ಮಲಗಿಸಿ, ಬೀಗವಿರುವ, ತೇವವಿಲ್ಲದ ಕಡೆ ಇಡಿ. ಮಕ್ಕಳಿರುವ ಮನೆಯಲ್ಲಿ ಗೋಡೆಗೆ ತೂಗುಹಾಕುವ ಯೋಚನೆ ಬಿಟ್ಟುಬಿಡಿ.

ಖರೀದಿ ಚೀಟಿ, ರಫ್ತು ಪತ್ರ, ಆಮದು ಪರವಾನಗಿ, ಹೊಜೋನ್ ಕಾಗದ, ನಕಾಗೋ ಫೋಟೋ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಿ. ಜೊತೆಗೆ ಕನ್ನಡದಲ್ಲೇ ಒಂದು ಪುಟ ಬರೆದಿಡಿ: ಇದು ಯಾವ ಕತ್ತಿ, ಎಷ್ಟಕ್ಕೆ ಕೊಂಡಿದ್ದು, ಯಾರನ್ನು ಕೇಳಬೇಕು, ಹಿಡಿಯೊಳಗಿನ ತುಕ್ಕನ್ನು ಯಾಕೆ ಉಜ್ಜಬಾರದು. ಮನೆಯಲ್ಲಿ ಇನ್ನೊಬ್ಬರಿಗಾದರೂ ಆ ಫೈಲು ಎಲ್ಲಿದೆ ಎಂದು ಗೊತ್ತಿರಲಿ.